ಬಿಳಿಪಟ್ಟಿಯ ಆಚೆಯ ಒಂದೂವರೆ ಮೀಟರ್

ಕುಮಟೆಯಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕೂತರೆ ನಮ್ಮೂರು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ದೀವಗಿ ಸೇತುವೆ ದಾಟಿ, ಮಿರ್ಜಾನ ಬಿಟ್ಟು, ಕಂಡಕ್ಟರ್ ಚಿಲ್ಲರೆ ಎಣಿಸಿ ಕೊಡುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ಇದೇ ಊರು ಬಹಳ ಉದ್ದ. ರಾಷ್ಟ್ರೀಯ ಹೆದ್ದಾರಿ 66 ನಮ್ಮನ್ನು ಎರಡು ಪಾಲು ಮಾಡಿದೆ. ಗುಡ್ಡದ ಬದಿಗೆ ಹೈಸ್ಕೂಲು, ಪಂಚಾಯ್ತಿ, ಸೊಸೈಟಿ, ಕುಮಟೆ ಕಡೆ ಹೋಗುವ ಬಸ್ಸು ನಿಲ್ಲುವ ಜಾಗ. ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಬದಿಗೆ ಮುಕ್ಕಾಲು ಪಾಲು ಮನೆಗಳು, ದೇವಸ್ಥಾನ, ಮೀನು ಮಾರುವ ಕಟ್ಟೆ. ರೇಷನ್ ಅಕ್ಕಿ ತರಲಿ, ಆಧಾರ್ ತಿದ್ದಿಸಲಿ, ಬಂಗಡೆ ತರಲಿ, ಮನೆಯಲ್ಲಿ ಯಾರಾದರೊಬ್ಬರು ಹೆದ್ದಾರಿ ದಾಟಲೇಬೇಕು.

ನಾನು ಪೋಸ್ಟಿನಲ್ಲಿದ್ದವನು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಇದೇ ರಸ್ತೆಯ ಅಂಚಿನಲ್ಲಿ ಓಡಾಡಿ ನಿವೃತ್ತನಾದೆ. ಊರವರು ಈಗಲೂ ‘ಪೋಸ್ಟ್ ಮಾಸ್ತರ್ರು’ ಅಂತಲೇ ಕರೆಯುತ್ತಾರೆ, ಅರ್ಜಿ ಬರೆಸಿಕೊಳ್ಳಲು ನನ್ನ ಜಗುಲಿಗೇ ಬರುತ್ತಾರೆ. ಹಾಗಾಗಿ ಊರಿಗೆ ಫುಟ್‌ಪಾತ್ ಕೇಳುವ ಈ ಪುರಾಣ ನನ್ನ ತಲೆಗೆ ಬಂದದ್ದರಲ್ಲಿ ವಿಶೇಷವೇನಿಲ್ಲ.

ಹಳೆಯ ರಸ್ತೆ, ಅಂದರೆ ಹಳಬರ ಬಾಯಲ್ಲಿ ಇನ್ನೂ ಹಳೇ ನಂಬರಿನ ‘ಸೆವೆಂಟೀನ್’ ಆಗಿಯೇ ಉಳಿದಿರುವ ರಸ್ತೆ, ಎರಡು ಲಾರಿ ಎದುರುಬದುರಾದರೆ ಕನ್ನಡಿ ತಾಗುವಷ್ಟು ಇಕ್ಕಟ್ಟಾಗಿತ್ತು. ಆದರೆ ಎರಡೂ ಬದಿಗೆ ಮಣ್ಣಿನ ಕಾಲುದಾರಿ ಇತ್ತು, ಅದರ ಮೇಲೆ ಸಾಲುಮರದ ನೆರಳಿತ್ತು. ಗೋವಾ ಗಡಿಯಿಂದ ಕುಂದಾಪುರದವರೆಗಿನ ಚತುಷ್ಪಥ ಕೆಲಸ 2014ರಲ್ಲಿ ಶುರುವಾಯಿತು. ರಸ್ತೆಗೆ ಬಿಡುವ ಜಾಗದ ಅಗಲ 45 ಮೀಟರೋ 30 ಮೀಟರೋ ಎಂದು ಊರೂರಲ್ಲಿ ಜಗಳ ನಡೆದ ಕಾಲ. ಆಗ ನಾವೆಲ್ಲ ಎಷ್ಟು ಜಾಗ ಹೋಗುತ್ತದೆ, ಪರಿಹಾರ ಎಷ್ಟು, ಅಂಗಡಿ ಉಳಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆವು. ರಸ್ತೆ ಮುಗಿದ ಮೇಲೆ ದಾಟುವುದು ಎಲ್ಲಿ, ನಡೆಯುವುದು ಎಲ್ಲಿ ಎಂಬ ಮಾತು ಯಾವ ಸಭೆಯಲ್ಲೂ ಬಂದದ್ದು ನನಗೆ ನೆನಪಿಲ್ಲ. ರಸ್ತೆ ಚೆನ್ನಾಗಿಯೇ ಆಯಿತು. ಕಾರವಾರಕ್ಕೆ ಹೋಗುವುದು ಸಲೀಸಾಯಿತು, ಆಂಬ್ಯುಲೆನ್ಸ್ ಬೇಗ ಬರುತ್ತದೆ. ಇದನ್ನು ಹೇಳದೆ ಹೆದ್ದಾರಿಯನ್ನು ಬೈಯುವುದು ನ್ಯಾಯವಲ್ಲ.

ತೊಂದರೆ ಶುರುವಾದದ್ದು ಡಿವೈಡರಿನಿಂದ. ಹೈಸ್ಕೂಲಿನಿಂದ ದಕ್ಷಿಣಕ್ಕೆ, ಗಜನಿ ಬದಿಗೆ ಒಂದು ಕೇರಿ ಇದೆ. ಅಲ್ಲಿಂದ ಹತ್ತಾರು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ. 2006-07ರಿಂದ ಎಂಟನೇ ಕ್ಲಾಸಿಗೆ ಸರಕಾರ ಸೈಕಲ್ ಕೊಡುತ್ತಿತ್ತಲ್ಲ, ಅದು ಕೊರೊನಾ ಹೊತ್ತಿಗೆ ನಿಂತುಹೋಯಿತು. ಈಗಿನವರು ಅಣ್ಣಂದಿರ, ಅಕ್ಕಂದಿರ ಹಳೇ ಸೈಕಲ್ಲಿಗೆ ಹೊಸ ಟೈರ್ ಹಾಕಿಸಿಕೊಂಡು ಓಡಿಸುತ್ತಾರೆ. ಬೆಳಿಗ್ಗೆ ಬರುವಾಗ ವಾಹನ ಹೋಗುವ ದಿಕ್ಕಿನಲ್ಲೇ ಬರುತ್ತಾರೆ, ಶಾಲೆಯೆದುರು ಇಳಿದು ಸೈಕಲ್ಲನ್ನು ಡಿವೈಡರ್ ಮೇಲೆ ಎತ್ತಿ ಆಚೆ ಇಳಿಸುತ್ತಾರೆ. ಒಬ್ಬಳು ಹ್ಯಾಂಡಲ್ ಹಿಡಿದರೆ ಇನ್ನೊಬ್ಬಳು ಕ್ಯಾರಿಯರ್ ಹಿಡಿಯಬೇಕು. ಅಷ್ಟು ಹೊತ್ತು ಹಿಂದಿನ ಚಕ್ರ ವೇಗದ ಲೇನಿನ ಮೇಲೆ ನೇತಾಡುತ್ತಿರುತ್ತದೆ. ಸಂಜೆ ಮನೆಗೆ ಹೋಗುವಾಗ ಕಾನೂನಿನ ಪ್ರಕಾರ ಹೋಗಬೇಕೆಂದರೆ ಕೇರಿಯನ್ನೂ ದಾಟಿ, ಯೂಟರ್ನ್ ಸಿಗುವವರೆಗೆ ತುಳಿದು, ತಿರುಗಿ ಬರಬೇಕು. ಯಾವ ಮಗು ಹಾಗೆ ಮಾಡುತ್ತದೆ? ಮತ್ತೆ ಡಿವೈಡರ್ ಹತ್ತಿಸಿ, ಎದುರಿನಿಂದ ಬರುವ ಲಾರಿಗಳ ಮುಖಕ್ಕೆ ಸೈಕಲ್ ಹೊಡೆಯುತ್ತವೆ. ಪೊಲೀಸರು ಬಂದಾಗ ‘ರಾಂಗ್ ಸೈಡ್ ಬರಬೇಡಿ’ ಎಂದು ಶಾಲೆಯಲ್ಲಿ ಭಾಷಣ ಮಾಡಿ ಹೋಗುತ್ತಾರೆ. ಮಕ್ಕಳು ತಲೆಯಾಡಿಸುತ್ತಾರೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ನಿಲ್ಲುವ ಹೆಂಗಸರೂ ಹೆಚ್ಚಾದರು. ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಬಸ್ಸಿನ ತನಕ ಹೋಗುವುದೇ ಪಾಡು. ಅದೇ ಮಳೆಗಾಲದಲ್ಲಿ ನಮ್ಮ ಕೇರಿಯ ಒಬ್ಬ ಹೆಂಗಸಿಗೆ ಬೈಕು ತಾಗಿ ಕಾಲು ಮುರಿಯಿತು. ಆಕೆ ಬದುಕಿದರು, ಕೋಲು ಹಿಡಿದು ನಡೆಯುತ್ತಾರೆ. ಊರಲ್ಲಿ ನಾಲ್ಕು ದಿನ ರಸ್ತೆ ತಡೆ ಮಾಡೋಣ ಎಂಬ ಮಾತು ನಡೆದು ತಣ್ಣಗಾಯಿತು.

ಹೈಸ್ಕೂಲಿನ ಗಣಿತದ ಮಾಸ್ತರು ಒಂದು ಸಂಜೆ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದರು. 2018ರ ಅಧಿಸೂಚನೆಯಂತೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಸರಕು ಲಾರಿಗೆ 80. ನೂರರಲ್ಲಿ ಬರುವ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಬರುತ್ತದೆ. ಒಂದು ಬದಿಯ ರಸ್ತೆ 7 ಮೀಟರ್, ಅದರ ಪಕ್ಕದ ಶೋಲ್ಡರ್, ಅಂದರೆ ಬಿಳಿಪಟ್ಟಿಯ ಹೊರಗಿನ ಡಾಂಬರು ಅಂಚು, ಒಂದೂವರೆ ಮೀಟರ್, ಒಟ್ಟು ಎಂಟೂವರೆ. ಸಾಧಾರಣ ನಡಿಗೆ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿದರೆ ದಾಟಲು 7 ಸೆಕೆಂಡು. ಅಂದರೆ ಕಾಲು ಎತ್ತಿಡುವಾಗ ಕಾರು 200 ಮೀಟರ್ ಆಚೆಗಾದರೂ ಇರಬೇಕು. ನಮ್ಮ ಶಾಲೆಯೆದುರು ನಿಂತರೆ ಬಾಗಿನ ಆಚೆ 200 ಮೀಟರ್ ಕಾಣುವುದೇ ಇಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಇದ್ದವರ ಲೆಕ್ಕವನ್ನು ಮಾಸ್ತರು ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ.

ನಾನು ಪಂಚಾಯ್ತಿಗೆ ಹೋಗಿ ಈ ಮುಂಚೆ ಕೊಟ್ಟ ಮನವಿಗಳ ಕಟ್ಟು ತೆಗೆಸಿ ನೋಡಿದೆ. ಯುವಕ ಸಂಘದ್ದು, ಸ್ತ್ರೀಶಕ್ತಿ ಸಂಘದ್ದು, ದೇವಸ್ಥಾನ ಸಮಿತಿಯದ್ದು. ಎಲ್ಲದರಲ್ಲೂ ‘ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುತ್ತಿದ್ದು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’. ಎಲ್ಲದಕ್ಕೂ ಬಂದ ಉತ್ತರ, ಬಂದಿದ್ದರೆ, ‘ಮುಂದಿನ ಕ್ರಮಕ್ಕಾಗಿ ಕಳಿಸಲಾಗಿದೆ’. ಯಾರಿಂದ ಯಾರಿಗೆ ಕಳಿಸಿದರು ಎಂಬುದನ್ನು ಬೆನ್ನು ಹತ್ತಿದರೆ ಒಂದು ಕಾಗದ ಕುಮಟೆ, ಕಾರವಾರ, ಹೊನ್ನಾವರ ಸುತ್ತಿ ಪುನಃ ನಮ್ಮ ಪಂಚಾಯ್ತಿಗೇ ‘ಪರಿಶೀಲಿಸಿ ವರದಿ ನೀಡಿ’ ಎಂದು ಬಂದಿತ್ತು. ಪೋಸ್ಟಿನವನಾದ ನನಗೆ ಅದರ ಮೇಲಿನ ಮುದ್ರೆಗಳನ್ನು ಓದುವುದೇ ಒಂದು ಮಜಾ ಆಯಿತು.

ದಾರಿ ತೋರಿಸಿದ್ದು ಹೆದ್ದಾರಿಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಒಬ್ಬ ಸಣ್ಣ ವಯಸ್ಸಿನ ಎಂಜಿನಿಯರ್. ಚಹದ ಅಂಗಡಿಯಲ್ಲಿ ಸಿಕ್ಕಾಗ ಹೇಳಿದ: “ಮಾಸ್ತರ್ರೆ, ನೀವು ‘ಶಾಲೆ ಹತ್ರ’, ‘ಅರಳಿಕಟ್ಟೆ ಹತ್ರ’ ಅಂತ ಬರೀತೀರಿ. ನಮ್ಮ ರಿಜಿಸ್ಟರಿನಲ್ಲಿ ಅರಳಿಕಟ್ಟೆ ಇಲ್ಲ. ಕಿಲೋಮೀಟರ್ ಬರೀರಿ, ಯಾವ ಬದಿ ಬರೀರಿ, ಎಷ್ಟು ಉದ್ದ ಬರೀರಿ. ಇಲ್ಲದಿದ್ರೆ ನಾನೂ ‘ಪರಿಶೀಲಿಸಲಾಗುವುದು’ ಅಂತಲೇ ಬರೀಬೇಕಾಗ್ತದೆ.” ಈ ಇಡೀ ಕೆಲಸದಲ್ಲಿ ನಮಗೆ ಸಿಕ್ಕ ಅತ್ಯಂತ ಉಪಯೋಗದ ಮಾತು ಇದು, ಒಂದು ಖಾಲಿ ಚಹಕ್ಕೆ.

ಒಂದು ಭಾನುವಾರ ಬೆಳಿಗ್ಗೆ ಗಣಿತದ ಮಾಸ್ತರು, ಒಂಬತ್ತನೇ ಕ್ಲಾಸಿನ ಕೆಲವು ಮಕ್ಕಳು, ಬಡಗಿಯೊಬ್ಬರಿಂದ ಎರವಲು ತಂದ ಉದ್ದದ ಟೇಪು, ನಾನು. ಹೆದ್ದಾರಿಯ ಕಿಲೋಮೀಟರ್ ಕಲ್ಲಿನಿಂದ ಶುರು ಮಾಡಿ ಹತ್ತು ಹತ್ತು ಮೀಟರಿಗೆ ನಿಂತು, ಬಿಳಿಪಟ್ಟಿಯ ಹೊರಗೆ ನಡೆಯಲು ಎಷ್ಟು ಜಾಗವಿದೆ ಎಂದು ಬರೆದುಕೊಂಡೆವು. ನಡೆಯಲು ಬರುವ ಜಾಗ ಮಾತ್ರ. ಡಾಂಬರು ಇದ್ದು ಅದರ ಮೇಲೆ ಚಿರೇಕಲ್ಲಿನ ಕೆಂಪು ಮಣ್ಣು ಜಾರಿ ಬಂದಿದ್ದರೆ ಅದು ಲೆಕ್ಕಕ್ಕಿಲ್ಲ. ಲಾರಿ ನಿಂತಿದ್ದರೆ ಲೆಕ್ಕಕ್ಕಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೆ ಲೆಕ್ಕಕ್ಕಿಲ್ಲ, ಯಾಕೆಂದರೆ ಸಂಜೆ ಹೊತ್ತು ಅಲ್ಲಿ ಯಾರೂ ಕಾಲಿಡುವುದಿಲ್ಲ, ಹಾವಿನ ಹೆದರಿಕೆ.

ಬರೆದು ಮುಗಿಸಿ ನೋಡಿದಾಗ ನಮಗೇ ಅಚ್ಚರಿ. ಜಾಗ ಇಲ್ಲ ಅಂತ ಎಲ್ಲರೂ ಗೊಣಗುತ್ತಿದ್ದೆವಲ್ಲ, ಜಾಗ ಇತ್ತು. ಹೆಚ್ಚು ಕಡೆ ಒಂದೂವರೆ ಮೀಟರ್ ಡಾಂಬರಿನ ಶೋಲ್ಡರ್ ಇದ್ದೇ ಇತ್ತು. ಅದನ್ನು ತಿಂದವರು ಬೇರೆ ಬೇರೆ: ಗ್ಯಾರೇಜಿನ ಎದುರು ನಿಂತ ಲಾರಿಗಳು, ಮಳೆಗೆ ಇಳಿದ ಮಣ್ಣು, ಒಬ್ಬರ ಮನೆ ಕಟ್ಟಲು ಇಳಿಸಿದ ಜಲ್ಲಿ, ಎಳನೀರಿನ ತಳ್ಳುಗಾಡಿ. ಊರ ನಡುವೆ ಚರಂಡಿಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಸಿ ಅದನ್ನೇ ಫುಟ್‌ಪಾತ್ ಮಾಡಿದ್ದರು. ಆದರೆ ಅದು ಶಾಲೆ ಮುಟ್ಟುವ ಮೊದಲೇ ಏಕಾಏಕಿ ನಿಂತಿತ್ತು, ನಿಂತಲ್ಲಿ ತೆರೆದ ಚರಂಡಿ. ನಡುನಡುವೆ ಸ್ಲ್ಯಾಬ್ ಒಡೆದು ಕಬ್ಬಿಣದ ಸರಳು ಹೊರಗೆ ಬಂದಿತ್ತು. ರಸ್ತೆಯಿಂದ ಅದರ ಮೇಲೆ ಹತ್ತಲು ಒಂದಡಿ ಎತ್ತರ. ಪಾದಚಾರಿ ಸೌಲಭ್ಯಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಒಂದು ಮಾರ್ಗಸೂಚಿ ಇದೆ, ಐಆರ್‌ಸಿ 103. ಅದರ ಪ್ರಕಾರ ಕರ್ಬ್, ಅಂದರೆ ಫುಟ್‌ಪಾತಿನ ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು, ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಅದನ್ನು ಓದಿದ ಮೇಲೆ, ಮಂಡಿನೋವಿನ ಮುದುಕಿಯರು ಆ ಸ್ಲ್ಯಾಬ್ ಬಿಟ್ಟು ರಸ್ತೆಯಲ್ಲೇ ಯಾಕೆ ನಡೆಯುತ್ತಾರೆ ಎಂಬುದು ಅರ್ಥವಾಯಿತು.

ಎಲ್ಲಕ್ಕಿಂತ ಕೆಟ್ಟ ಜಾಗ ಮೋರಿ. ಕೇರಿಗೂ ಶಾಲೆಗೂ ನಡುವೆ ಒಂದು ಹಳ್ಳ ಹಾಯುತ್ತದೆ. ಅಲ್ಲಿ ರಸ್ತೆ ಅಷ್ಟೇ ಅಗಲ ಇದೆ, ಆದರೆ ಶೋಲ್ಡರ್ ಚೂಪಾಗುತ್ತ ಬಂದು ಮೋರಿಯ ಗೋಡೆಗೆ ಮುಗಿದುಹೋಗುತ್ತದೆ. ಬಿಳಿಪಟ್ಟಿಯಿಂದ ಗೋಡೆಗೆ ಟೇಪು ಹಿಡಿದರೆ 40 ಸೆಂಟಿಮೀಟರ್. ಸೈಕಲ್ಲಿನ ಹ್ಯಾಂಡಲ್ಲೇ ಅದಕ್ಕಿಂತ ಅಗಲ. ಆ ಗೋಡೆಯ ಮೇಲೆ ಸಾಲಾಗಿ ಕರಿ ಗೀರುಗಳಿದ್ದವು, ಸರಿಯಾಗಿ ಮೊಣಕೈ ಎತ್ತರಕ್ಕೆ. ಅವು ಹ್ಯಾಂಡಲ್ ಹಿಡಿಯ ರಬ್ಬರಿನವು. ಲಾರಿ ಪಕ್ಕಕ್ಕೆ ಬಂದಾಗ ಮಕ್ಕಳು ಗೋಡೆಗೆ ಒರಗಿಕೊಂಡು ನಿಂತ ಗುರುತು. ಒಬ್ಬ ಹುಡುಗ ‘ಇದು ನಂದು’ ಎಂದು ಬೆರಳಿಟ್ಟು ತೋರಿಸಿದ. ಅದರ ಫೋಟೊ ತೆಗೆದು ಅರ್ಜಿಯ ಮೊದಲನೇ ಪುಟಕ್ಕೆ ಅಂಟಿಸಿದೆ.

ಆಮೇಲೆ ಮಾಹಿತಿ ಹಕ್ಕು. ಇದರಲ್ಲಿ ತಿಳಿದಿರಬೇಕಾದ ಸಂಗತಿ, ರಾಜ್ಯದ ಕಚೇರಿಗೆ ಕೇಳುವುದಾದರೆ ಒಂದೇ ವಿಷಯ, ಸಾಧಾರಣವಾಗಿ 150 ಶಬ್ದದ ಒಳಗೆ. ಕೇಂದ್ರದ ಕಚೇರಿಗಾದರೆ 500 ಶಬ್ದದವರೆಗೆ ಬರೆಯಬಹುದು. ಶುಲ್ಕ ಎರಡಕ್ಕೂ 10 ರೂಪಾಯಿ, ಉತ್ತರಕ್ಕೆ 30 ದಿನ. ನಾನು ‘ಫುಟ್‌ಪಾತ್ ಯಾಕೆ ಮಾಡಿಲ್ಲ’ ಎಂದು ಕೇಳಲಿಲ್ಲ. ಯಾಕೆ ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ದಾಖಲೆ ಇದ್ದರೆ ಕೊಡುತ್ತಾರೆ ಅಷ್ಟೆ. ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ ಮಂಜೂರಾದ ಕ್ರಾಸ್ ಸೆಕ್ಷನ್ ನಕ್ಷೆಯ ಪ್ರತಿ, ಚರಂಡಿ ಮತ್ತು ಫುಟ್‌ಪಾತಿನ ಉದ್ದ, ರಸ್ತೆ ಸುರಕ್ಷತಾ ಆಡಿಟ್ ವರದಿಯಲ್ಲಿ ಈ ಭಾಗದ ಪುಟಗಳು. ಮೂವತ್ತು ದಿನ ಕಳೆಯಿತು, ಏನೂ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಅದಾದ ಮೇಲೆ ಬಂದು ಕಡತ ನೋಡಿಕೊಳ್ಳಿ ಎಂಬ ಪತ್ರ ಬಂತು. ಮೊದಲ ಒಂದು ಗಂಟೆಗೆ ದುಡ್ಡಿಲ್ಲ, ಆಮೇಲೆ ಗಂಟೆಗೆ 5 ರೂಪಾಯಿ.

ಆ ನಕ್ಷೆ ನೋಡಿದ್ದು ಚೆನ್ನಾಗಿ ನೆನಪಿದೆ. ಕೋಟಿ ಬೆಲೆಯ ರಸ್ತೆಯನ್ನು ಹಲಸಿನಹಣ್ಣು ಸೀಳಿದ ಹಾಗೆ ಅಡ್ಡಕ್ಕೆ ಸೀಳಿ ತೋರಿಸಿದ್ದರು. ಡಿವೈಡರ್, 7 ಮೀಟರ್ ರಸ್ತೆ, ಒಂದೂವರೆ ಮೀಟರ್ ಶೋಲ್ಡರ್, ಅದರಾಚೆ ಮುಚ್ಚಿದ ಚರಂಡಿ, ಮೇಲೆ ಫುಟ್‌ಪಾತ್. ಕಿಲೋಮೀಟರ್ ಕಾಲಂ ನೋಡಿದರೆ ಆ ಫುಟ್‌ಪಾತ್ ಶಾಲೆಯ ಗೇಟನ್ನೂ ದಾಟಿ ಮುಂದೆ ಹೋಗಿತ್ತು. ಕಾಗದದಲ್ಲಿ ಇದ್ದದ್ದು ನೆಲದ ಮೇಲೆ ಇರಲಿಲ್ಲ. ಅಂದರೆ ನಾವು ಹೊಸದೇನನ್ನೂ ಕೇಳಬೇಕಿರಲಿಲ್ಲ, ಮಂಜೂರಾದದ್ದನ್ನು ಮುಗಿಸಿ ಎಂದರೆ ಸಾಕಿತ್ತು. ಕಚೇರಿಯ ಗುಮಾಸ್ತರು ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿಯಂತೆ ರಸೀದಿ ಕೊಟ್ಟರು. ಮೋರಿಯ ನಕ್ಷೆಯಲ್ಲಿ ಮಾತ್ರ ನಮಗೆ ಅನುಕೂಲವಾದದ್ದು ಏನೂ ಇರಲಿಲ್ಲ. ಅಲ್ಲಿ ಕಾಗದದಲ್ಲೂ 40 ಸೆಂಟಿಮೀಟರೇ.

ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು ಸುಲಭ ಅಂದುಕೊಂಡವರಿಗೆ ನಮ್ಮೂರಿನ ಸಭೆ ತೋರಿಸಬೇಕಿತ್ತು. ಅರ್ಧ ಜನಕ್ಕೆ ಬೇಕಾದದ್ದು ಹಂಪು. ‘ಎರಡು ದೊಡ್ಡ ಹಂಪು ಹಾಕ್ಸಿ, ಮತ್ತೆಂತದೂ ಬೇಡ.’ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪು ಹಾಕಬಾರದು ಎಂಬುದು ಕೇಂದ್ರದ ನೀತಿ, ವೇಗದಲ್ಲಿ ಬಂದ ಬೈಕು ಹಂಪಿಗೇ ಬಿದ್ದು ಸಾಯುತ್ತದೆ ಎಂದು ವಿವರಿಸಿದರೆ, ‘ಹಾಗಾದ್ರೆ ಬ್ಯಾರಿಕೇಡ್ ಇಡ್ಸಿ’ ಅಂದರು. ಅಂಗಡಿಯವರಿಗೆ ಫುಟ್‌ಪಾತೇ ಬೇಡ, ಗಿರಾಕಿ ಬೈಕು ನಿಲ್ಲಿಸುವುದೆಲ್ಲಿ? ಅವರ ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ಪಕ್ಕದ ಪಂಚಾಯ್ತಿ ಜಾಗದಲ್ಲಿ ಬೈಕ್ ನಿಲ್ಲಿಸಲು ಅವಕಾಶ ಎಂಬ ಸಾಲನ್ನು ಅದೇ ಠರಾವಿಗೆ ಸೇರಿಸಿದೆವು. ರಾಜಕೀಯದ ಕಡೆಯವರೊಬ್ಬರಿಗೆ ಮೇಲ್ಸೇತುವೆಯೇ ಆಗಬೇಕು, ಕಬ್ಬಿಣದ್ದು, ಹೆಸರು ಬರೆಸಲು ಜಾಗ ಇರುವಂಥದ್ದು. ಆಗ ಹಿಂದೆ ಕೂತಿದ್ದ ಮೀನು ಮಾರುವ ಒಬ್ಬಾಕೆ ಎದ್ದು ನಿಂತರು.

“ತಮಾ, ಬುಟ್ಟಿ ತಲೆಮೇಲೆ ಇಟ್ಕಂಡು ನಲವತ್ತು ಮೆಟ್ಲು ಹತ್ತೂಕಾಗ್ತದಾ? ನೀ ಹತ್ತಿ ತೋರ್ಸು ಮೊದ್ಲು.”

ಸಭೆ ನಕ್ಕಿತು, ಮೇಲ್ಸೇತುವೆ ಅಲ್ಲಿಗೆ ಬಿತ್ತು. ನನಗೂ ಹಾಗೇ ಅನ್ನಿಸುತ್ತದೆ. ನಡೆಯುವವರನ್ನು ಮೇಲೆ ಹತ್ತಿಸಿ ಇಳಿಸುವ ಸೇತುವೆಗಳು ವಾಹನಕ್ಕೆ ಮಾಡಿದ ಉಪಕಾರ. ಕೆಳಗೆ ನೆಲದ ಮೇಲೆ ದಾಟಲು ಬಿಡದೆ ಬೇಲಿ ಹಾಕಿದರೂ ಜನ ಬೇಲಿ ಮುರಿದು ದಾಟುತ್ತಾರೆ. ಅಂಡರ್‌ಪಾಸ್ ಆದರೆ ಒಳ್ಳೆಯದೇ, ಆದರೆ ನಮ್ಮ ಗಜನಿ ಬದಿಯ ತಗ್ಗಿನಲ್ಲಿ ಜೂನಿನಿಂದ ಅದು ಕೆರೆಯಾಗುತ್ತದೆ. ಕೊನೆಗೆ ಠರಾವಿಗೆ ಬಂದದ್ದು ಇಷ್ಟು: ನಕ್ಷೆಯಲ್ಲಿರುವ ಫುಟ್‌ಪಾತನ್ನು ಶಾಲೆಯವರೆಗೆ ಮುಗಿಸಬೇಕು, ಶಾಲೆಯೆದುರು ಡಿವೈಡರ್ ಕತ್ತರಿಸಿ ನಡುವೆ ನಿಂತುಕೊಳ್ಳಲು ಜಾಗ ಬಿಟ್ಟು ಜೀಬ್ರಾ ಹಾಕಬೇಕು, ಅದರ ಮುಂಚೆ ಎರಡೂ ಕಡೆ ಚಕ್ರ ಗಡಗಡ ಎನ್ನಿಸುವ ರಂಬಲ್ ಪಟ್ಟಿ, ಶೋಲ್ಡರ್ ಖಾಲಿ ಇಡಬೇಕು, ಮೋರಿಗೆ ಹೊರಬದಿಯಲ್ಲಿ ನಡೆಯುವವರಿಗೂ ಸೈಕಲ್ಲಿಗೂ ಬೇರೆ ಸಂಕ, ಅಂದರೆ ಕಿರುಸೇತುವೆ. ಹೋದ ಸಾಲುಮರದ ಬದಲಿಗೆ ಹೊಂಗೆ ನೆಡಬೇಕು ಎಂದು ನಾನೇ ಒಂದು ಸಾಲು ಸೇರಿಸಿದೆ.

ಜಂಟಿ ಸ್ಥಳ ಪರಿಶೀಲನೆ 2024ರ ಜುಲೈನಲ್ಲಿ ಅಂತ ಮಾತಾಗಿತ್ತು. ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೆ ಎಷ್ಟೋ ದಿನ ಜಿಲ್ಲೆಯಲ್ಲಿ ಯಾವ ಅಧಿಕಾರಿಗೂ ಬೇರೆ ಕೆಲಸವಿರಲಿಲ್ಲ, ಇರಬಾರದು ಕೂಡ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಎರಡೂ ದಿಕ್ಕಿನ ವಾಹನ ಹೊಸ ಸೇತುವೆಯ ಮೇಲೆ ಬಂತು. ನಮ್ಮ ಕಡತ ಎಲ್ಲೋ ಅಡಿಗೆ ಹೋಯಿತು. ಆ ಹೊತ್ತಿನಲ್ಲಿ ಅದನ್ನು ಎತ್ತಿ ಮಾತಾಡಲು ನಮಗೂ ಬಾಯಿ ಬರಲಿಲ್ಲ.

ಮುಂದೆ ಕಾರವಾರಕ್ಕೆ ಹೋದಾಗ ಇನ್ನೊಂದು ಪಾಠ ಆಯಿತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕೂರುತ್ತದೆ. ಪೊಲೀಸು, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ ಎಲ್ಲರೂ ಒಂದೇ ಮೇಜಿನ ಸುತ್ತ. ನಮ್ಮ ವಿಷಯ ಅಲ್ಲಿಗೆ ಹೋಗಬೇಕೆಂದು ಅರ್ಜಿ ಕೊಡಲು ಹೋದರೆ ಒಬ್ಬರು ಕೇಳಿದರು, ‘ನಿಮ್ಮದು ಬ್ಲ್ಯಾಕ್ ಸ್ಪಾಟ್ ಹೌದಾ?’ ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆ ಹೀಗಿದೆ: ಹೆದ್ದಾರಿಯ ಸುಮಾರು 500 ಮೀಟರ್ ಭಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ನಮ್ಮಲ್ಲಿ ಅಷ್ಟಾಗಿರಲಿಲ್ಲ. ಅಂದರೆ ಪಟ್ಟಿಯಲ್ಲಿ ಬರುವಷ್ಟು ಜನ ನಮ್ಮೂರಲ್ಲಿ ಸತ್ತಿರಲಿಲ್ಲ. ಕೇಳಿದವರಿಗೂ ತಾವು ಏನು ಕೇಳಿದೆವೆಂದು ಹೊಳೆದಿರಬೇಕು, ಕನ್ನಡಕ ಒರೆಸಿಕೊಳ್ಳುತ್ತ ‘ಕೊಟ್ಟು ಹೋಗಿ, ಸೇರಿಸ್ತೇನೆ’ ಅಂದರು. ದೇಶದ ಲೆಕ್ಕ ನೋಡಿದರೆ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರು. ಅವರೆಲ್ಲ ಬ್ಲ್ಯಾಕ್ ಸ್ಪಾಟ್ ನೋಡಿಕೊಂಡು ದಾಟಿದವರಲ್ಲ.

ಗಾಳಿ ತಿರುಗಿದ್ದು 2025ರಲ್ಲಿ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲೇ ಹಾಕಿದ ರಸ್ತೆ ಸುರಕ್ಷತೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೇ 14ರಂದು, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಒಳಗೇ ಬರುತ್ತದೆ ಎಂದಿತು. ಅಕ್ಟೋಬರ್ 7ರಂದು ಅದೇ ಮೊಕದ್ದಮೆಯಲ್ಲಿ, ಮೋಟಾರು ವಾಹನ ಕಾಯ್ದೆಯ 138(1ಎ) ಕಲಮಿನಡಿ ನಡೆಯುವವರು ಮತ್ತು ಮೋಟಾರಿಲ್ಲದ ವಾಹನಗಳ ಬಗ್ಗೆ ಆರು ತಿಂಗಳೊಳಗೆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಆ ಕಲಮು 2019ರ ತಿದ್ದುಪಡಿಯಲ್ಲಿ ಬಂದದ್ದು. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಿ ನಿಯಮ ಮಾಡಬೇಕು ಎಂದೂ ಅದರಲ್ಲಿದೆ. ಅದೇ ತಿದ್ದುಪಡಿಯ 198ಎ ಕಲಮಿನಲ್ಲಿ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆ ನಿಗದಿತ ಮಟ್ಟಕ್ಕೆ ಇರದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷದವರೆಗೆ ದಂಡ. ಕುಮಟೆಯ ವಕೀಲರೊಬ್ಬರು, ‘ಪೋಸ್ಟ್ ಮಾಸ್ತರ್ರೆ, ಈ ಕಲಮನ್ನು ಅರ್ಜಿಯ ಒಳಗೆ ಬರೀಬೇಡಿ, ಲಗತ್ತಿನ ಪಟ್ಟಿಯಲ್ಲಿ ಸುಮ್ಮನೆ ಸೇರಿಸಿ, ಓದುವವರು ಓದ್ತಾರೆ’ ಎಂದರು. ಹಾಗೇ ಮಾಡಿದೆ. ಓದಿದರು ಅಂತ ಕಾಣುತ್ತದೆ, ಪರಿಶೀಲನೆಗೆ ದಿನ ಗೊತ್ತಾಯಿತು.

ಅವರು ಹೇಳಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ನಮ್ಮ ಹೆದ್ದಾರಿ ನೋಡಲು ಚೆಂದ, ಒಂದು ನಾಯಿಯೂ ದಾಟುವುದಿಲ್ಲ. ಪಿಡಿಒ ಮೇಡಮ್ಮಿಗೆ ಹೇಳಿ, ‘ಬೆಳಿಗ್ಗೆ ಸಭೆ ಇದೆ’ ಎಂಬ ನೆಪದಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ಹಾಕಿಸಿದೆವು. ಜೀಪು ಬಂತು, ಬಂದು ನೇರ ಶೋಲ್ಡರಿನ ಮೇಲೆ ನಿಂತಿತು, ಮೋರಿಗೆ ಸ್ವಲ್ಪ ಹಿಂದೆ. ಎಂಜಿನಿಯರ್ ಸಾಹೇಬರು ಇಳಿದು ಬಾನೆಟ್ಟಿನ ಮೇಲೆ ನಕ್ಷೆ ಹರಡಿದರು. ಜಾಗ ಎಷ್ಟಿದೆ, ಯಾರದ್ದು, ಮರ ಎಲ್ಲಿ ಎಂದು ಮಾತು ನಡೆದಿತ್ತು. ಅಷ್ಟರಲ್ಲಿ ಶಾಲೆ ಬಿಟ್ಟಿತು. ಸೈಕಲ್ಲಿನ ಮಕ್ಕಳು ಬಂದವು, ಜೀಪು ಅಡ್ಡ ಇದ್ದದ್ದರಿಂದ ಬಿಳಿಪಟ್ಟಿ ದಾಟಿ ರಸ್ತೆಗೇ ಇಳಿದವು. ಎದುರಿನಿಂದ ಗ್ಯಾಸ್ ಟ್ಯಾಂಕರೊಂದು ಹಾರ್ನ್ ಒತ್ತಿ ಹಿಡಿದುಕೊಂಡೇ ಬಂತು. ಅದು ಹಾದುಹೋದ ಗಾಳಿಗೆ ನಕ್ಷೆ ಹಾರಿ ಚರಂಡಿಗೆ ಬಿತ್ತು. ಸಾಹೇಬರು ಮೊದಲು ಡ್ರೈವರನಿಗೆ ‘ಗಾಡಿ ತೆಗಿ ಅಲ್ಲಿಂದ’ ಅಂದರು. ಆಮೇಲೆ ತಾವೇ ಕೇರಿಯವರೆಗೆ ನಡೆದು ಬರುತ್ತೇನೆಂದು ಹೊರಟರು. ಮೋರಿಯ ಗೋಡೆಯ ಹತ್ತಿರ ಅಡ್ಡ ತಿರುಗಿ, ಬೆನ್ನು ಗೋಡೆಗೆ ಕೊಟ್ಟು ಹೋಗಬೇಕಾಯಿತು, ಅವರದ್ದು ಸ್ವಲ್ಪ ಸ್ಥೂಲ ಶರೀರ. ಆ ಕರಿ ಗೀರುಗಳನ್ನು ನಾನು ತೋರಿಸಲಿಲ್ಲ, ಅವರ ಬಿಳಿ ಅಂಗಿಗೆ ಅವೇ ಅಂಟಿಕೊಂಡವು.

ಒಪ್ಪಿಕೊಂಡದ್ದು ಎಲ್ಲವನ್ನೂ ಅಲ್ಲ. ಡಿವೈಡರ್ ಕತ್ತರಿಸಲು ಬಾಗಿನ ಹತ್ತಿರ ಆಗುವುದಿಲ್ಲ, ಶಾಲೆಯಿಂದ ಉತ್ತರಕ್ಕೆ ನೇರ ರಸ್ತೆ ಸಿಗುವಲ್ಲಿ ಮಾಡಬಹುದು ಎಂದರು. ನಮ್ಮ ಗಣಿತದ ಮಾಸ್ತರ 200 ಮೀಟರಿನ ಲೆಕ್ಕವನ್ನು ನಮಗೇ ತಿರುಗಿಸಿ ಹೇಳಿದರು. ಅದು ಸರಿಯಾದ ಮಾತು. ಅಷ್ಟು ದೂರ ಜನ ನಡೆದು ಹೋಗಿ ದಾಟುತ್ತಾರಾ ಎಂದು ನಾನು ಕೇಳಿದೆ. ‘ಫುಟ್‌ಪಾತ್ ಚೆನ್ನಾಗಿದ್ದರೆ ದಾಟ್ತಾರೆ, ಬಸ್ ಸ್ಟಾಪನ್ನೂ ಅಲ್ಲಿಗೇ ತನ್ನಿ’ ಎಂದರು. ಬಸ್ ನಿಲ್ದಾಣ ಸರಿಸುವ ಉಪಾಯ ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಈಗಿನ ಸ್ಥಿತಿ ಹೇಳುವುದಾದರೆ, ಸ್ಲ್ಯಾಬಿನ ಫುಟ್‌ಪಾತ್ ಶಾಲೆಯ ಗೇಟು ಮುಟ್ಟಿದೆ. ಹತ್ತುವಲ್ಲಿ ಇಳಿಜಾರು ಮಾಡಿದ್ದಾರೆ, ಕೋಲು ಹಿಡಿದವರೂ ಹತ್ತುತ್ತಾರೆ. ಜೀಬ್ರಾ, ರಂಬಲ್ ಪಟ್ಟಿ, ಹಳದಿ ಮಿನುಗು ದೀಪ ಬಂದಿವೆ. ಡಿವೈಡರ್ ಕತ್ತರಿಸಿದ ಕಡೆ ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗವಿದೆ, ಒಂದು ಸೈಕಲ್ಲೂ ಹಿಡಿಸುತ್ತದೆ. ಇದೊಂದರಿಂದಲೇ ದಾಟುವ ಭಯ ಅರ್ಧ ಕಡಿಮೆಯಾಗಿದೆ, ಒಂದು ಸಲಕ್ಕೆ ಒಂದೇ ಕಡೆ ನೋಡಿದರೆ ಸಾಕು. ಗ್ಯಾರೇಜಿನ ಲಾರಿಗಳು ಒಂದು ತಿಂಗಳು ದೂರ ಇದ್ದವು, ಪುನಃ ಬರುತ್ತಿವೆ. ಫುಟ್‌ಪಾತಿನ ಮೇಲೆ ಸ್ಕೂಟರ್ ಓಡಿಸುವ ಹೊಸ ಪಿಡುಗು ಶುರುವಾಗಿದೆ, ಅದಕ್ಕೆ ಎರಡೂ ತುದಿಗೆ ಕಂಬ ಹುಗಿಯಬೇಕು, ಗಾಲಿಕುರ್ಚಿ ದಾಟುವಷ್ಟು ಅಂತರ ಬಿಟ್ಟು. ಹೊಂಗೆಯ ಸಸಿಗಳನ್ನು ಪಂಚಾಯ್ತಿಯವರು ನೆಟ್ಟರು, ದನ ತಿಂದು ಕೆಲವು ಉಳಿದಿವೆ. ಸಂಜೆ ಉಲ್ಟಾ ಹೋಗುವ ಮಕ್ಕಳು ಈಗಲೂ ಉಲ್ಟಾ ಹೋಗುತ್ತಾರೆ, ಆದರೆ ಮೋರಿಯವರೆಗೆ ಶೋಲ್ಡರಿನ ಮೇಲೆ ಹೋಗುತ್ತಾರೆ.

ಕತಗಾಲ ಕಡೆಯ ಒಬ್ಬರು ಈ ಅರ್ಜಿಗಳ ಪ್ರತಿ ಕೇಳಿ ತರಿಸಿಕೊಂಡರು. ಅವರದ್ದು ಕುಮಟಾ-ಶಿರಸಿ ರಸ್ತೆ, 766ಇ. ಅಲ್ಲಿ ಡಿವೈಡರ್ ಇಲ್ಲ, ಆದರೆ ಅಗಲವಾದ ಹೊಸ ರಸ್ತೆಯಲ್ಲಿ ಓವರ್‌ಟೇಕ್ ಮಾಡುವವರು ಶೋಲ್ಡರನ್ನೂ ರಸ್ತೆಯೆಂದೇ ತಿಳಿದಿದ್ದಾರಂತೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ನಡೆಯುವವರ ಪಾಡೇ ಬೇರೆ. ಅವರಿಗೆ ನಾನು ಹೇಳಿದ್ದು ಮೊದಲು ಟೇಪು ಹಿಡಿಯಿರಿ, ಮೋರಿಗಳಿಂದ ಶುರು ಮಾಡಿ ಎಂದು. ರಸ್ತೆ ಎಲ್ಲಿ ಕಿರಿದಾಗುತ್ತದೋ ಅಲ್ಲೇ ಸೈಕಲ್ಲು ಮೊದಲು ಬೀಳುವುದು.

ನಮ್ಮ ಮೋರಿಯ ಹೊರಬದಿಗೆ ಕೇಳಿದ ಸಂಕದ ಎಸ್ಟಿಮೇಟ್ ತಯಾರಾಗಿದೆ, ಮಂಜೂರಾತಿಗೆ ಮೇಲೆ ಹೋಗಿದೆ. ಎರಡು ಮೀಟರ್ ಅಗಲ, ಕಬ್ಬಿಣದ ತೊಲೆ, ಕೆಳಗೆ ಹಳ್ಳಕ್ಕೆ ಕಂಬವಿಲ್ಲ. ಕಡತದ ನಂಬರು ನನ್ನ ಹತ್ತಿರ ಇದೆ. ಮುಂದಿನ ಗ್ರಾಮಸಭೆಯ ಅಜೆಂಡಾದಲ್ಲಿ ಸೇರಿಸಲು ಪಿಡಿಒ ಮೇಡಮ್ಮಿಗೆ ಬರೆದು ಕೊಟ್ಟಿದ್ದೇನೆ, ಸ್ವೀಕೃತಿ ಹಾಕಿಸಿಕೊಂಡಿದ್ದೇನೆ.